ಅಂಗಡಿಯ ಲೆಕ್ಕವೂ ಸರಕಾರದ ದಫ್ತರವೂ

ಶಾಸನ, ಸಂಧಾನಪತ್ರ, ರಾಜನಿರೂಪಗಳಿಗೆ ಇತಿಹಾಸದಲ್ಲಿ ಸಲ್ಲುವ ಗೌರವವು ಹಳ್ಳಿಯ ಕಿರಾಣಿ ಅಂಗಡಿಯ ಖಾತೆ-ಕೀರ್ದಿಗಳಿಗೆ ಸಲ್ಲುವುದಿಲ್ಲ. ಹಿಟ್ಟು, ಸಕ್ಕರೆ, ಚಹಾ, ತಂಬಾಕುಗಳ ಲೆಕ್ಕದಲ್ಲಿ ಚರಿತ್ರೆಯೇನಿದೆ ಎಂದು ಕೇಳುವವರೇ ಹೆಚ್ಚು. ಆದರೆ ಒಂದು ಜನಾಂಗವು ತಲೆಮಾರುಗಳವರೆಗೆ ದುಡಿದ ಹಣ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಎದ್ದಾಗ ಇಂತಹ ಲೆಕ್ಕವೇ ಸಾಕ್ಷಿಯ ಕಟ್ಟೆಯೇರಬೇಕಾಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಮೂಲನಿವಾಸಿಗಳ ವೃತ್ತಾಂತವು ಇದಕ್ಕೆ ನಿದರ್ಶನ.

ಅಲ್ಲಿ 1897ರಲ್ಲಿ ಮೂಲನಿವಾಸಿಗಳ ಸಂರಕ್ಷಣೆಯ ಹೆಸರಿನಲ್ಲಿ ಒಂದು ಕಾಯಿದೆ ಅಂಗೀಕಾರವಾಯಿತು. ಪ್ರತಿಯೊಂದು ಸೀಮೆಗೂ ಒಬ್ಬ ಸಂರಕ್ಷಕನು ನೇಮಕವಾದನು. ಆತನು ಬಹುಮಟ್ಟಿಗೆ ಆ ಊರಿನ ಪೋಲೀಸು ಅಧಿಕಾರಿಯೇ ಆಗಿದ್ದನು. ದನದ ಹುಲ್ಲುಗಾವಲುಗಳಲ್ಲಿಯೂ ಬಿಳಿಯರ ಮನೆಗಳಲ್ಲಿಯೂ ದುಡಿದವರ ಕೂಲಿಯು, ಕೈಖರ್ಚಿನ ಅಲ್ಪಭಾಗವನ್ನುಳಿದು, ಈ ಸಂರಕ್ಷಕನ ವಶದ ಉಳಿತಾಯದ ಖಾತೆಗೆ ಸೇರುತ್ತಿದ್ದಿತು. ತನ್ನ ಹಣವನ್ನು ತಾನು ಮುಟ್ಟಬೇಕಾದರೂ ಕೂಲಿಕಾರನು ಆತನ ಅಪ್ಪಣೆಯನ್ನು ಬೇಡಬೇಕಾಗಿದ್ದಿತು. ಅನೇಕ ವೇಳೆ ನಗದಿಗೆ ಬದಲಾಗಿ ಅಂಗಡಿಗೆ ಚೀಟಿ ಸಿಕ್ಕುತ್ತಿದ್ದಿತು. ಅಂಗಡಿಯವನು ಸಾಮಾನು ಕೊಟ್ಟು ಖಾತೆಗೆ ಖರ್ಚು ಬರೆಯಿಸುವನು. ಹೆಬ್ಬೆಟ್ಟಿನ ಗುರುತು ಬಿದ್ದರೆ ವ್ಯವಹಾರ ಮುಗಿಯಿತು. ಓದುಬರಹವಿಲ್ಲದವನು ಬರೆದ ಬೆಲೆಯನ್ನು ಪರೀಕ್ಷಿಸುವುದಾದರೂ ಹೇಗೆ?

ಮೋಸವನ್ನು ತಡೆಯಲೆಂದು ಬಂದ ಹೆಬ್ಬೆಟ್ಟಿನ ಗುರುತು ಮೋಸವನ್ನು ನಿಲ್ಲಿಸಲಿಲ್ಲ. ಸ್ಥಳೀಯ ಪೋಲೀಸರ ಕೈವಾಡವು ಸರಕಾರಕ್ಕೂ ತಿಳಿದಿದ್ದಿತು. 1933ರಲ್ಲಿ ಖಾತೆಗಳನ್ನು ಬ್ರಿಸ್ಬೇನ್ ನಗರದ ಕಛೇರಿಗೆ ವರ್ಗಾಯಿಸಲಾಯಿತು. ಆದರೆ ಸರಕಾರವೂ ಈ ಹಣದ ಮೇಲೆ ಕೈಯಿಡದೆ ಬಿಡಲಿಲ್ಲ. ಕೂಲಿಯಿಂದ ಹಿಡಿದಿಟ್ಟ ಅಂಶಗಳು 1943ರಲ್ಲಿ ಸ್ಥಾಪಿತವಾದ ಕಲ್ಯಾಣನಿಧಿಗೂ ಸೇರಿದವು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೆ?

ಈ ಅನ್ಯಾಯವನ್ನು ಹೊರಗೆಡಹಿದುದು ಸರಕಾರದ್ದೇ ಕಡತಗಳೆಂಬುದನ್ನು ನಮ್ಮ ವಾಚಕರು ಲಕ್ಷಿಸಬೇಕು. ಇತಿಹಾಸಜ್ಞೆ ರೋಸಲಿಂಡ್ ಕಿಡ್ ಅವರು ಆ ದಫ್ತರಗಳನ್ನು ಶೋಧಿಸಿ 1997ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. 2002ರಲ್ಲಿ ಪ್ರಾಂತಸರಕಾರವು 5 ಕೋಟಿ 54 ಲಕ್ಷ ಡಾಲರುಗಳನ್ನು ತೆಗೆದಿರಿಸಿ, ತಲೆಗೆ 2,000 ಅಥವಾ 4,000 ಡಾಲರುಗಳಂತೆ ಕೊಡಮುಂದಾಯಿತು. ಆಯುಷ್ಯದ ದುಡಿಮೆಗೆ ಈ ಬೆಲೆಯೇ ಎಂದು ಅನೇಕರು ನೊಂದರು. ಕಡೆಗೆ 2019ರಲ್ಲಿ ಸಾಮೂಹಿಕ ದಾವೆಯೊಂದು 19 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ದುಡಿದವರಲ್ಲಿ ಎಷ್ಟೋ ಮಂದಿ ಮಣ್ಣುಗೂಡಿದ್ದರು.

ದಾಖಲೆ ಉಳಿಯದವರ ಪಾಡೇನು? ಪುಸ್ತಕವನ್ನು ಬರೆದವನು ಅಧಿಕಾರಿ, ಇಟ್ಟವನು ಅಧಿಕಾರಿ, ಕಳೆದವನೂ ಅಧಿಕಾರಿ. ರುಜುವಾತು ಮಾತ್ರ ಕೂಲಿಕಾರನು ತರಬೇಕೆಂಬುದು ನ್ಯಾಯವಲ್ಲ. ಲೆಕ್ಕವನ್ನು ಇಟ್ಟುಕೊಂಡವನೇ ಲೆಕ್ಕವನ್ನು ಒಪ್ಪಿಸತಕ್ಕದ್ದು. ಮೂಲನಿವಾಸಿಗಳಿಗೆ ದಫ್ತರಗಳ ಬಾಗಿಲು ತೆರೆದಿರಬೇಕೆಂದು ಆಸ್ಟ್ರೇಲಿಯಾದ ಸೆನೆಟ್ ಸಮಿತಿಯು 2006ರಲ್ಲಿಯೇ ಸಲಹೆ ಮಾಡಿದ್ದಿತು.

ಬಡವರ ಹೆಸರಿನಲ್ಲಿ ಹಣವನ್ನು ಹಿಡಿದಿಡುವ ಅಧಿಕಾರಿವರ್ಗವು ಯಾವ ದೇಶದಲ್ಲಿದ್ದರೂ ಈ ಪಾಠವನ್ನು ಮರೆಯಲಾಗದು. ಅಂಗಡಿಯ ಹರಕು ಪುಸ್ತಕವನ್ನು ರದ್ದಿಗೆ ಹಾಕುವುದು ಸುಲಭ. ಆದರೆ ಅದರೊಂದಿಗೆ ಒಬ್ಬನ ಜೀವಮಾನದ ಬೆವರಿನ ಸಾಕ್ಷ್ಯವೂ ಹೋಗಬಹುದು. ದಫ್ತರವನ್ನು ಕಾಪಾಡುವುದು ಗುಮಾಸ್ತೆಯ ಕೆಲಸ ಮಾತ್ರವಲ್ಲ, ನ್ಯಾಯದ ಕೆಲಸವೆಂದೂ ನಾವು ತಿಳಿಯುತ್ತೇವೆ.