ಹೊಸ ನೀರಿಗೆ ಹತ್ತುವ ಮೀನು



ಮೃಗಶಿರಾ ಮಳೆ ಹಿಡಿದು ಎರಡು ದಿನ ಬಿಡದೆ ಸುರಿಯಿತೆಂದರೆ ಮಲೆನಾಡಿನ ಹಳ್ಳಿಗಳಲ್ಲಿ ರಾತ್ರಿ ನಿದ್ರೆ ಇಲ್ಲ. ಒಬ್ಬರ ಕೈಯಲ್ಲಿ ಬ್ಯಾಟರಿ, ಇನ್ನೊಬ್ಬರ ಕೈಯಲ್ಲಿ ಕತ್ತಿ, ಹೆಗಲ ಮೇಲೆ ಬಿದಿರಿನ ಕೂಣಿ. ಹತ್ತುಮೀನು ಬಂತು ಎಂಬ ಸುದ್ದಿ ಮನೆಯಿಂದ ಮನೆಗೆ ಹೋಗುತ್ತದೆ. ಆದರೆ ಆ ಮೀನು ಹತ್ತುವುದೇಕೆ, ಹತ್ತಿ ಹೋಗುವುದೆಲ್ಲಿಗೆ ಎಂದು ನಾವು ವಿಚಾರಿಸುವುದು ಕಡಿಮೆ. ಸಾರಿಗೆ ಮೀನು ಸಿಕ್ಕಿತಲ್ಲ, ಅಷ್ಟೇ ಸಾಕು!

ಬೇಸಿಗೆಯೆಲ್ಲ ಗೆಂಡೆ, ಮುಗುಡು ಮೊದಲಾದ ಮೀನುಗಳು ಹೊಳೆಯ ಗುಂಡಿಗಳಲ್ಲಿ ದಿನ ಕಳೆಯುತ್ತವೆ. ಮಳೆಗಾಲ ಹತ್ತಿರ ಬಂದಂತೆ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತದೆ. ಆದರೆ ಬಲಿತ ಮಾತ್ರಕ್ಕೆ ಮೊಟ್ಟೆ ಇಡುವುದಿಲ್ಲ. ನೀರು ತಣ್ಣಗಾಗಬೇಕು, ಕೆಂಪಗಾಗಬೇಕು, ಎದುರಿನಿಂದ ಸೆಳವು ಬರಬೇಕು. ಕೆರೆಯಲ್ಲಿ ಸಾಕಿದ ಕಾಟ್ಲ, ರೋಹು ಮೀನುಗಳನ್ನು ನೋಡಿ: ಮೊಟ್ಟೆ ತುಂಬುತ್ತದೆ, ನಿಂತ ನೀರಿನಲ್ಲಿ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಮಿದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ಸೂಜಿಮದ್ದಾಗಿ ಕೊಟ್ಟು ಮೊಟ್ಟೆ ಇಡಿಸಿದರು. ಹೊಳೆಯ ಮೀನಿಗೆ ಆ ಸೂಜಿಯ ಕೆಲಸವನ್ನು ಮುಂಗಾರಿನ ಹೊಸ ನೀರೇ ಮಾಡುತ್ತದೆ.

ಹೀಗೆ ಹೊರಟ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ನಮ್ಮ ಗದ್ದೆಯ ಕಂಡಿಗೆ ಬರುತ್ತದೆ. ಮುಗುಡಿಗಂತೂ ಗಾಳಿಯನ್ನೂ ಉಸಿರಾಡುವ ಶಕ್ತಿ ಇರುವುದರಿಂದ ಹಸಿ ನೆಲದ ಮೇಲೆ ಹೊರಳಿಕೊಂಡೇ ಮುಂದಕ್ಕೆ ಹೋಗುವುದುಂಟು. ಗದ್ದೆಯ ನೀರು ತೆಳುವು, ಬೆಚ್ಚಗೆ. ದೊಡ್ಡ ಮೀನಿನ ಕಾಟ ಕಡಿಮೆ. ಸಣ್ಣ ಹುಳುಹುಪ್ಪಟೆ ಯಥೇಚ್ಛ. ಮರಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಎಲ್ಲಿದೆ? ಗೆಂಡೆಯ ಮೊಟ್ಟೆ ಒಂದೆರಡು ದಿನದಲ್ಲೇ ಒಡೆಯುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನುತ್ತಾ ಬೆಳೆದ ಈ ಮೀನುಮರಿ ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ, ಗದ್ದೆಯ ನೀರು ಇಳಿದಂತೆ, ತಾನೂ ಹೊಳೆಗೆ ಇಳಿಯುತ್ತದೆ.

ಎಲ್ಲ ಮೀನಿನ ದಾರಿಯೂ ಹೀಗೆಯೇ ಅಲ್ಲ. ಹಾವಿನಂತೆ ಉದ್ದನೆಯ ಮೀನುಗಳಲ್ಲಿ ಒಂದು ಜಾತಿ ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೇ ಹೋಗಿ ಅಲ್ಲೇ ಸಾಯುತ್ತದೆ. ಅದರ ಕತೆ ಇನ್ನೊಂದು ದಿನಕ್ಕಿರಲಿ.

ನಾನೂ ಚಿಕ್ಕಂದಿನಲ್ಲಿ ಕೂಣಿ ಹೊತ್ತು ಹೋದವನೇ. ಒಂದು ಬೆಳಿಗ್ಗೆ ಅಜ್ಜಿ ಮೀನು ಕೊಯ್ಯುತ್ತಾ, "ಎಲ್ಲದರ ಹೊಟ್ಟೇಲೂ ಬರೀ ಮೊಟ್ಟೆಯೇ ಕಣೋ" ಅಂದಳು. ಹುರಿದು ತಿಂದೆವು, ಲೆಕ್ಕ ಯಾರೂ ಹಾಕಲಿಲ್ಲ. ರೋಹುವಿನಂಥ ಮೀನಿಗೆ ಒಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಮೀರಿ ಮೊಟ್ಟೆ ಇರುತ್ತದೆ. ಸಣ್ಣ ಜಾತಿಗಳಿಗೆ ಅಷ್ಟಿಲ್ಲದಿದ್ದರೂ ಸಾವಿರಗಟ್ಟಲೆ ಇದ್ದೇ ಇರುತ್ತದೆ. ಹತ್ತುವ ಮೀನನ್ನು ಹಳ್ಳದ ಅಡ್ಡಕ್ಕೂ ತಡೆದು ಹಿಡಿದರೆ ಮುಂದಿನ ವರ್ಷ ಹತ್ತಬೇಕಾದದ್ದೂ ಅದರೊಂದಿಗೇ ಹೋಯಿತು.

ಹಿಡಿಯಲೇಬೇಡಿ ಎಂದರೆ ತಾವು ಕೇಳುವುದಿಲ್ಲ, ನನಗೆ ಗೊತ್ತು. ಮೊದಲ ನೆರೆಯ ನಾಲ್ಕಾರು ದಿನ ಕೂಣಿಯನ್ನು ಅಟ್ಟದ ಮೇಲೇ ಇಡಿ. ಆಮೇಲೂ ಹಳ್ಳದ ಅರ್ಧ ಅಗಲವನ್ನು ತೆರೆದೇ ಬಿಡಿ. ಮೀನು ಇಳಿಯುವ ಕಾಲದಲ್ಲಿ ಕೂಣಿ ಒಡ್ಡಿದರೆ ಮೊಟ್ಟೆ ಇಟ್ಟು ಮುಗಿಸಿದ ಮೀನು ಸಿಗುತ್ತದೆ. ಆದರೆ ಬಿದಿರಿನ ಕಡ್ಡಿಗಳ ನಡುವೆ ಬೆರಳು ತೂರುವಷ್ಟು ಸಂದು ಇರಲಿ, ಮರಿ ನುಸುಳಿ ಹೋಗಲಿ. ವಿಷ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ಅಪರಾಧವೆಂದು ಸಾರಿತ್ತು.

ಇನ್ನು ಗದ್ದೆಗೆ ಔಷಧಿ ಹೊಡೆಯುವ ವಿಚಾರ. ಪಕ್ಕದವರು ಹೊಡೆದರೆಂದು ತಾವೂ ಹೊಡೆಯಬೇಡಿ. ಸಸಿ ಬಿಡಿಸಿ ನೋಡಿ, ಹುಳು ಇದ್ದರೆ ಮಾತ್ರ ಹೊಡೆಯಿರಿ. ಹೊಡೆದ ಮೇಲೆ ಕೆಲವು ದಿನ ಗದ್ದೆಯ ಕಂಡಿಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿಡಿ. ಪಂಪು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ.