ಮೇಜಿನ ಮೇಲಿನ ಡೀಸೆಲ್ ಎಂಜಿನು

ವಾಚಕರಲ್ಲಿ ಅನೇಕರು ನನ್ನಂತೆಯೇ ಉಗಿಯ ಎಂಜಿನನ್ನು ನೋಡುತ್ತ ಬೆಳೆದವರಿರಬಹುದು. ಅದು ಮರೆಯಾದಾಗ ಹಳೆಯ ನೆಂಟನನ್ನು ಕಳೆದುಕೊಂಡವರಂತೆ ನಾವು ಮರುಗಿದೆವು. ಅದರ ಸ್ಥಾನಕ್ಕೆ ಬಂದು ನಮ್ಮನ್ನು ಊರೂರಿಗೆ ಮುಟ್ಟಿಸಿದ ಡೀಸೆಲ್ ಎಂಜಿನನ್ನಾದರೋ ತಿರುಗಿ ನೋಡಿದವರು ವಿರಳ. ನಾನೂ ಹಾಗೆಯೇ ಇದ್ದವನು. ಈಚೆಗೆ ನನ್ನ ಮೊಮ್ಮಗನು ಗೇಣಿಗಿಂತ ತುಸು ಕಿರಿದಾದ ಮಾದರಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, “ತಾತ, ಇದು ಯಾವ ಎಂಜಿನು ಹೇಳಿ ನೋಡೋಣ” ಎಂದನು. ನೂರಾರು ಬಾರಿ ಅದರ ಹಿಂದೆ ಕುಳಿತು ಪ್ರಯಾಣ ಮಾಡಿದ್ದ ನನಗೆ ಅದರ ಹೆಸರೇ ತಿಳಿದಿರಲಿಲ್ಲ!

ಅದು ‘ಡಬ್ಲ್ಯು ಡಿ ಎಂ–೨’ ಎಂಬ ಎಂಜಿನಿನ ಪ್ರತಿಕೃತಿ. ಮೊದಲನೆಯ ಅಕ್ಷರವು ಅಗಲವಾದ ಹಳಿಯನ್ನೂ, ಎರಡನೆಯದು ಡೀಸೆಲನ್ನೂ, ಮೂರನೆಯದು ಜನರ ಗಾಡಿ, ಸರಕಿನ ಗಾಡಿ ಎರಡನ್ನೂ ಎಳೆಯುವ ಮಿಶ್ರಸೇವೆಯನ್ನೂ ಸೂಚಿಸುತ್ತವೆ.

ಇದರ ಮೂಲವು ಅಮೆರಿಕದ ಆಲ್ಕೊ ಎಂಬ ಕಂಪೆನಿಯದು. ನ್ಯೂಯಾರ್ಕ್ ಸಂಸ್ಥಾನದ ಶನೆಕ್ಟಡಿ ಪಟ್ಟಣದಲ್ಲಿ ಅದರ ಕಾರ್ಖಾನೆಯಿತ್ತು. ೧೯೬೨ರಲ್ಲಿ ಈ ಜಾತಿಯ ಮೊದಲ ಎಂಜಿನುಗಳು ಭಾರತಕ್ಕೆ ಬಂದವು. ಆಲ್ಕೊ ಯಂತ್ರಗಳನ್ನು ಮಾರಿದ್ದಲ್ಲದೆ ಅವನ್ನು ಕಟ್ಟುವ ವಿದ್ಯೆಯನ್ನೂ ಕೊಡಲೊಪ್ಪಿತು. ವಾರಾಣಸಿಯ ಹೊಸ ಕಾರ್ಖಾನೆಯಲ್ಲಿ ಜೋಡಿಸಿದ ಮೊದಲನೆಯ ಎಂಜಿನನ್ನು ೧೯೬೪ರ ಜನವರಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ರಾಷ್ಟ್ರಕ್ಕೆ ಅರ್ಪಿಸಿದರು. ಮುಂದೆ ಐದೇ ವರ್ಷಗಳಲ್ಲಿ, ಎಂದರೆ ೧೯೬೯ರಲ್ಲಿ, ಆಲ್ಕೊ ಎಂಜಿನು ಕಟ್ಟುವ ಕೆಲಸವನ್ನೇ ನಿಲ್ಲಿಸಿತು. ವಾರಾಣಸಿಯಲ್ಲಾದರೋ ಕೆಲಸವು ೧೯೯೦ರ ದಶಕದವರೆಗೂ ನಡೆದು, ಈ ಜಾತಿಯ ಎಂಜಿನುಗಳ ಸಂಖ್ಯೆಯು ಎರಡೂವರೆ ಸಾವಿರವನ್ನು ಮೀರಿತು. ಗುರುವು ಮರೆಯಾದ ಮೇಲೂ ಶಿಷ್ಯನು ಪಾಠವನ್ನು ಮುಂದುವರಿಸಿದ ಈ ವೃತ್ತಾಂತವನ್ನು ತಿಳಿದಾಗ, ಆಯುಷ್ಯವನ್ನೆಲ್ಲ ಪಾಠ ಹೇಳುವುದರಲ್ಲೇ ಕಳೆದ ನನ್ನ ಮನಸ್ಸು ತುಂಬಿಬಂದಿತು. ಬೆಂಗಳೂರಿನ ಕೃಷ್ಣರಾಜಪುರದ ಶೆಡ್ಡಿನಲ್ಲಿಯೂ ಈ ಎಂಜಿನುಗಳು ಬಹುಕಾಲ ಇದ್ದುವು. ನಮ್ಮ ಕಡೆಯ ಎಷ್ಟೋ ಮದುವೆಯ ದಿಬ್ಬಣಗಳನ್ನು ಅವು ಎಳೆದಿರಬೇಕು.

ಎಂಜಿನು ಎಣ್ಣೆಯನ್ನುರಿಸಿ ಚಕ್ರಗಳನ್ನು ನೇರವಾಗಿಯೇ ತಿರುಗಿಸುವುದೆಂದು ನಾನು ತಿಳಿದಿದ್ದೆನು. ಅದು ತಪ್ಪು. ಒಳಗೆ ಎರಡು ಸಾಲಾಗಿ ಹದಿನಾರು ಸಿಲಿಂಡರುಗಳುಂಟು. ಅವುಗಳ ಬಲ ೨,೬೦೦ ಅಶ್ವಶಕ್ತಿ. ಆ ಬಲವು ವಿದ್ಯುತ್ತನ್ನು ಹುಟ್ಟಿಸುವ ಯಂತ್ರವನ್ನು ತಿರುಗಿಸುವುದು. ಆ ವಿದ್ಯುತ್ತು ಆರು ಅಚ್ಚುಗಳಿಗೆ ಒಂದೊಂದರಂತೆ ಜೋಡಿಸಿರುವ ಆರು ಮೋಟಾರುಗಳಿಗೆ ಹರಿಯುವುದು. ಹೀಗೆ ಡೀಸೆಲ್ ಎಂಜಿನೆಂಬುದು ತನ್ನ ವಿದ್ಯುತ್ತನ್ನು ತಾನೇ ಮಾಡಿಕೊಂಡು ಓಡುವ ಬಂಡಿ. ಹೊರಡುವಾಗ ಏಳುವ ಕರಿಯ ಹೊಗೆಗೂ ಕಾರಣವುಂಟು. ಚಾಲಕನು ವೇಗವನ್ನು ಏರಿಸಿದೊಡನೆ ಎಣ್ಣೆಯು ಹೆಚ್ಚಾಗಿ ಒಳಹೋಗುವುದು; ಗಾಳಿಯನ್ನು ಒತ್ತಿ ತುಂಬುವ ಚಕ್ರವಾದರೋ ಹೊಗೆಯ ರಭಸದಿಂದಲೇ ತಿರುಗತಕ್ಕದ್ದಾದುದರಿಂದ ತುಸು ತಡವಾಗಿ ವೇಗಗೊಳ್ಳುವುದು. ಆ ನಡುವಣ ಕ್ಷಣಗಳಲ್ಲಿ ಗಾಳಿ ಸಾಲದೆ ಅರೆಬೆಂದ ಎಣ್ಣೆಯೇ ಆ ಮಸಿ.

ಇನ್ನು ಮೇಜಿನ ಮೇಲಿನ ಪ್ರತಿಕೃತಿಯ ವಿಚಾರ. ಇದು ಮೂಲದ ಎಂಬತ್ತೇಳನೆಯ ಒಂದು ಪಾಲು. ಎಂಜಿನಿನ ಉದ್ದ ಸುಮಾರು ೧೭ ಮೀಟರು. ಮಾದರಿಯದು ೨೦ ಸೆಂಟಿಮೀಟರಿಗೆ ಸ್ವಲ್ಪ ಕಡಮೆ. ತೂಕದ ಲೆಕ್ಕ ಮಾತ್ರ ಬೇರೆ. ಉದ್ದ, ಅಗಲ, ಎತ್ತರ ಮೂರೂ ಕಿರಿದಾಗುವುದರಿಂದ ಎಂಬತ್ತೇಳರಿಂದ ಮೂರು ಬಾರಿ ಭಾಗಿಸತಕ್ಕದ್ದು. ೧೧೨ ಟನ್ನು ಮೀರಿದ ಆ ಭಾರವು ಹೀಗೆ ೧೭೦ ಗ್ರಾಮಿಗೆ, ಎಂದರೆ ಒಂದು ಮಾವಿನಹಣ್ಣಿನ ತೂಕಕ್ಕೆ ಇಳಿಯುವುದು! ಮಕ್ಕಳಿಗೆ ಘನಪ್ರಮಾಣವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯುಂಟೆ?

ಮೊಮ್ಮಗನು ಒಂದು ದೋಷವನ್ನೂ ತೋರಿಸಿದನು. ನಮ್ಮ ಹಳಿಯ ಅಗಲ ೧,೬೭೬ ಮಿಲಿಮೀಟರು. ಲೆಕ್ಕದಂತೆ ಮಾದರಿಯ ಹಳಿ ೧೯ ಮಿಲಿಮೀಟರಿಗೂ ಮಿಕ್ಕಿರಬೇಕು, ಇರುವುದು ಹದಿನಾರೂವರೆ. ಪಾಶ್ಚಾತ್ಯ ದೇಶಗಳ ೧,೪೩೫ ಮಿಲಿಮೀಟರಿನ ಹಳಿಗಾಗಿ ಗೊತ್ತುಮಾಡಿದ ಅಳತೆಯದು. ಅಂಗಡಿಯಲ್ಲಿ ದೊರೆಯುವ ಆಟದ ಹಳಿಯ ಮೇಲೆ ಓಡಬೇಕೆಂದು ಚಕ್ರಗಳನ್ನು ಒಳಕ್ಕೆ ಸರಿಸಿದ್ದಾರೆ. “ಹಾಗಾದರೆ ಇದು ಸುಳ್ಳೇ, ತಾತ?” ಎಂದು ಹುಡುಗನು ಕೇಳಿದನು. “ಮಗು, ಎಲ್ಲಿ ತಪ್ಪಿದೆಯೆಂದು ನೀನು ಅಳೆದು ಹೇಳಿದೆಯಲ್ಲ, ಅಲ್ಲಿಗೆ ಅದು ತನ್ನ ಕೆಲಸವನ್ನು ಮಾಡಿತು” ಎಂದೆನು.

೧೯೯೫ರಲ್ಲಿ ನಮ್ಮ ಅಗಲ ಹಳಿಗಳ ಮೇಲೆ ಉಗಿಯ ಎಂಜಿನಿನ ಸೇವೆ ಮುಗಿಯಿತು. ಈಗ ವಿದ್ಯುತ್ತಿನ ತಂತಿಯು ಬಹುತೇಕ ಎಲ್ಲ ಮಾರ್ಗಗಳಿಗೂ ಹಬ್ಬಿ, ಡೀಸೆಲಿನ ಸರದಿಯೂ ಬಂದಿದೆ. ವಾರಾಣಸಿಯ ಆ ಕಾರ್ಖಾನೆಯೂ ೨೦೨೦ರಲ್ಲಿ ಹೆಸರನ್ನು ಬದಲಿಸಿಕೊಂಡು ವಿದ್ಯುತ್ ಎಂಜಿನುಗಳನ್ನು ಕಟ್ಟುತ್ತಿದೆ. ಹೋದ ಮೇಲೆ ಮರುಗುವುದು ಸುಲಭ. ಇರುವಾಗ ಗುರುತಿಸುವುದೇ ಕಷ್ಟ. ಇನ್ನೊಮ್ಮೆ ನಿಲ್ದಾಣದಲ್ಲಿ ಡೀಸೆಲ್ ಎಂಜಿನು ಗುಡುಗುತ್ತ ನಿಂತಿರುವುದನ್ನು ಕಂಡರೆ, ವಾಚಕರು ಮನೆಯ ಮಕ್ಕಳನ್ನು ಹತ್ತಿರ ಕರೆದು ತೋರಿಸಬೇಕೆಂದು ನನ್ನ ಪ್ರಾರ್ಥನೆ.