ನಿಮಗಿದು ಗೊತ್ತೆ? ಕುರ್ಚಿಯಲ್ಲೇ ಕೂತು ವ್ಯಾಯಾಮ

ಉಡುಪಿಯವರ ಬಾಯಲ್ಲಿ ಇಂದಿಗೂ ‘ಮಿಷನ್ ಆಸ್ಪತ್ರೆ’ಯೇ ಆಗಿರುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಶುರುವಾದದ್ದು 1923ರಲ್ಲಿ. ಅದನ್ನು ಕಟ್ಟಿದವರು ಬಾಸೆಲ್ ಮಿಷನ್‌ನ ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್. ಕಾಪು ತಾಲೂಕಿನ ಶಿರ್ವದ ಇಗರ್ಜಿಯಂತೂ ಆರೋಗ್ಯ ಮಾತೆಯ ಹೆಸರಿನದು.

ಹೀಗೆ ಇಗರ್ಜಿಗೂ ಆರೋಗ್ಯಕ್ಕೂ ನಮ್ಮಲ್ಲಿ ನಂಟಿದೆ. ಈ ನಂಟು ವ್ಯಾಯಾಮಕ್ಕೂ ಚಾಚಬಹುದು: ಅಮೆರಿಕದ ಹಲವು ಚರ್ಚುಗಳ ಸಭಾಂಗಣಗಳಲ್ಲಿ ಮಂಡಿನೋವು, ಪಾರ್ಶ್ವವಾಯು, ಮುಪ್ಪಿನಿಂದ ನಡೆದಾಡಲು ಕಷ್ಟಪಡುವವರು ಕುರ್ಚಿಯಲ್ಲೇ ಕೂತು ಒಟ್ಟಾಗಿ ವ್ಯಾಯಾಮ ಮಾಡುತ್ತಾರೆ. ನಮ್ಮಲ್ಲೂ ಇದು ಆಗಬೇಕಾದ ಕೆಲಸ. ಕಾರ್ಕಳದ ಕಡೆಯ ಇಗರ್ಜಿಗಳಿಗೆ ವಾರವಾರ ಹಿರಿಯರು ಬರುತ್ತಾರೆ. ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿಸುವ ಕಾಲೇಜೇ ಇದೆ.

ಇಂಥ ವ್ಯಾಯಾಮಕ್ಕೆ ಬರುವವರ ಕಾಲಿನ ಬಲ ಅಳೆಯಲು ದೊಡ್ಡ ಯಂತ್ರ ಬೇಡ. ಸುಮಾರು 43 ಸೆಂ.ಮೀ. ಎತ್ತರದ, ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು, ತೋಳುಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತಿರೆಂದು ಎಣಿಸುತ್ತಾರೆ. ಬೀಳುವ ಭಯವಿದ್ದವರ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆ ದೈಹಿಕ ಚಟುವಟಿಕೆ ಕುರಿತ 2020ರ ಮಾರ್ಗಸೂಚಿಯಲ್ಲಿ ಅಂಗವಿಕಲರಿಗೂ ಮೊದಲ ಬಾರಿ ಪ್ರತ್ಯೇಕ ಸಲಹೆ ನೀಡಿತು. 65 ದಾಟಿದವರಿಗೆ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ ವಾರಕ್ಕೆ ಕನಿಷ್ಠ 3 ದಿನ ಬೇಕೆಂದೂ ಅದರಲ್ಲಿದೆ.